‘30 ದಿನದಲ್ಲಿ ಸಿಎಂಎಂಸಿ ಸರ್ಟಿಫಿಕೇಟ್’ ಅನ್ನುವವರಿಗೆ ದುಡ್ಡು ಕಟ್ಟಬೇಡಿ, ನಾವು ಕಟ್ಟಿ ಕೂತಿದ್ದೇವೆ

ಅಮೆರಿಕದ ರಕ್ಷಣಾ ಇಲಾಖೆ ಕೆಲಸಕ್ಕೆ ಸಬ್‌ಕಾಂಟ್ರ್ಯಾಕ್ಟ್ ಮಾಡುವ ಸಣ್ಣ ಕಂಪನಿಯವರು, ಅದರಲ್ಲೂ ನಮ್ಮ ಕನ್ನಡದವರು, ಇದನ್ನು ಪೂರ್ತಿ ಓದಿ. ಸಿಎಂಎಂಸಿ ಅಂದರೆ ಆ ಇಲಾಖೆಗೆ ಕೆಲಸ ಮಾಡುವ ಕಂಪನಿಗಳ ಸೈಬರ್ ಭದ್ರತೆ ಅಳೆಯುವ ವ್ಯವಸ್ಥೆ. ‘ನಿಮ್ಮ ಸಿಎಂಎಂಸಿ ಸ್ಟೇಟಸ್ ಕಳಿಸಿ’ ಅಂತ ಪ್ರೈಮ್ (ನಮಗೆ ಕೆಲಸ ಕೊಡುವ ಮುಖ್ಯ ಗುತ್ತಿಗೆದಾರ) ಕಡೆಯಿಂದ ಮೇಲ್ ಬಂದ ಕೂಡಲೇ ಗಾಬರಿ ಬಿದ್ದು ಮೊದಲು ಫೋನ್ ಎತ್ತಿದವನಿಗೆ ದುಡ್ಡು ಕಳಿಸಬೇಡಿ. ನಾವು ಕಳಿಸಿದ್ದು 18,500 ಡಾಲರ್. ಬಂದಿದ್ದು ಚಿನ್ನದ ಬಣ್ಣದ ಮೊಹರು ಹೊಡೆದ ಒಂದು ಪಿಡಿಎಫ್. ಅದರ ಮೇಲೆ ‘ಲೆವೆಲ್ 2 ಸರ್ಟಿಫೈಡ್’ ಅಂತ ದಪ್ಪಕ್ಷರ.

ಆ ಮೊಹರಿಗೆ ಮೂರು ಕಾಸಿನ ಬೆಲೆ ಇಲ್ಲ. ಪ್ರೈಮ್ ಕೇಳುವುದು ಎಸ್‌ಪಿಆರ್‌ಎಸ್ ಅನ್ನುವ ಇಲಾಖೆಯ ಪೋರ್ಟಲ್‌ನಲ್ಲಿ ಕಾಣುವ ಸ್ಟೇಟಸ್, ಮತ್ತು ಆ ಅಸೆಸ್‌ಮೆಂಟಿಗೆ ಬೀಳುವ 10 ಅಕ್ಷರ-ಅಂಕಿಯ ಗುರುತು, ಯುಐಡಿ. ನಮ್ಮ ಪುಟ ಪ್ರೈಮ್‌ಗೆ ನೇರವಾಗಿ ಕಾಣುವುದಿಲ್ಲ, ನಾವೇ ತೆಗೆದು ತೋರಿಸಬೇಕು. ತೋರಿಸಿದೆವು. ಅವರ ಉತ್ತರ ಎರಡು ಸಾಲು: ‘ಇದು ಸೆಲ್ಫ್ ಅಸೆಸ್‌ಮೆಂಟ್. ನಿಮ್ಮ ಪಿಡಿಎಫ್‌ನಲ್ಲಿರುವ ಸಂಸ್ಥೆ ಸಿ3ಪಿಎಒ ಅಲ್ಲ.’ ಸಿ3ಪಿಎಒ ಅಂದರೆ ಅಸೆಸ್ ಮಾಡಿ ಸರ್ಟಿಫಿಕೇಟ್ ಕೊಡಲು ಮಾನ್ಯತೆ ಇರುವ ಹೊರಗಿನ ಸಂಸ್ಥೆ. ಸಿಸಿಯಲ್ಲಿ ಒಂಬತ್ತು ಜನ. ಮಾನ ಹೋಗುವುದು ಅಂದರೆ ಅದೇ.

ಇಂಥ ಕನ್ಸಲ್ಟೆಂಟ್‌ಗಳ ಅಂಗಡಿ ನಡೆಯುವುದು ಎರಡು ತಾರೀಕುಗಳ ನಡುವಿನ ಭಯದಲ್ಲಿ. 2025ರ ನವೆಂಬರ್ 10ರಿಂದ ಡಿಫಾರ್ಸ್ (ರಕ್ಷಣಾ ಖರೀದಿ ನಿಯಮಗಳು) 252.204-7021 ಷರತ್ತು ಹೊಸ ಕಾಂಟ್ರ್ಯಾಕ್ಟ್‌ಗಳಿಗೆ ಬರಲು ಶುರುವಾಯಿತು. ಮೊದಲ ಹಂತದಲ್ಲಿ ಹೆಚ್ಚಾಗಿ ಲೆವೆಲ್ 1 ಮತ್ತು ಲೆವೆಲ್ 2ರ ಸೆಲ್ಫ್ ಅಸೆಸ್‌ಮೆಂಟ್. ಎರಡನೇ ಹಂತ 2026ರ ನವೆಂಬರ್ 10ಕ್ಕೆ, ಅಲ್ಲಿಂದ ಲೆವೆಲ್ 2ಕ್ಕೆ ಹೆಚ್ಚಾಗಿ ಸಿ3ಪಿಎಒ ಬಂದು ನೋಡಬೇಕು. ಆದರೆ ಮೊದಲ ಹಂತದಲ್ಲೇ ಸಿ3ಪಿಎಒ ಬೇಕು ಅನ್ನುವ ಅಧಿಕಾರ ಇಲಾಖೆಗೆ ಇದೆ, ಪ್ರೈಮ್‌ಗಳು ಅದಕ್ಕೂ ಮುಂಚೆ ತಾವಾಗಿಯೇ ಕೇಳುತ್ತಾರೆ. ಈ ಗೊಂದಲದಲ್ಲಿ ‘ಸೆಲ್ಫ್’ ಮಾಡಿಸಿ ‘ಸರ್ಟಿಫೈಡ್’ ಅಂತ ಮಾರುವುದು ಸುಲಭ. ಮಾರಿದರು. ನಾವು ಕೊಂಡೆವು.

ಈಗ ನಾಚಿಕೆಯ ಭಾಗ. ಸ್ಕ್ರೀನ್ ಶೇರ್‌ನಲ್ಲಿ ಅವರೇ ನಮ್ಮ ಭದ್ರತೆಯ ಅಂಕ ತುಂಬಿಸಿದರು: 110ಕ್ಕೆ 110. ಕೊನೆಯಲ್ಲಿ ಅಫರ್ಮೇಶನ್ ಪುಟ, ಅಂದರೆ ‘ಇದೆಲ್ಲ ನಿಜ’ ಅಂತ ದೃಢೀಕರಿಸುವುದು. ‘ಓಕೆ ಒತ್ತಿ ಸರ್, ಅದೊಂದು ಫಾರ್ಮಾಲಿಟಿ.’ ಒತ್ತಿದ್ದು ನಾವು. ಅದು ಫಾರ್ಮಾಲಿಟಿ ಅಲ್ಲ, ಇಡೀ ಸಿಎಂಎಂಸಿಯಲ್ಲಿ ಕುತ್ತಿಗೆಗೆ ಬರುವ ಜಾಗವೇ ಅದು. ಅಫರ್ಮಿಂಗ್ ಅಫಿಷಿಯಲ್ ಅಂದರೆ ನಮ್ಮ ಕಂಪನಿಯವರು, ಕನ್ಸಲ್ಟೆಂಟ್ ಅಲ್ಲ. ಪ್ರತಿ ವರ್ಷ ಮತ್ತೆ ಒತ್ತಬೇಕು. ಅಂಕ ಸುಳ್ಳಾದರೆ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ (ಸರಕಾರಕ್ಕೆ ಸುಳ್ಳು ಹೇಳಿ ಹಣ ಪಡೆಯುವುದರ ವಿರುದ್ಧದ ಕಾನೂನು) ಬೀಳಬಹುದು, ಸರಕಾರದ ನಷ್ಟದ ಮೂರು ಪಟ್ಟು ಕಟ್ಟಬೇಕು, ಮೇಲೆ ದಂಡ. ಮ್ಯಾಸಚೂಸೆಟ್ಸ್‌ನ ಮೋರ್ಸ್‌ಕಾರ್ಪ್ 2025ರ ಮಾರ್ಚ್‌ನಲ್ಲಿ 46 ಲಕ್ಷ ಡಾಲರ್ ಕಟ್ಟಲು ಒಪ್ಪಿದ್ದು ಇಂಥ ವಿಷಯಕ್ಕೇ. ಎಸ್‌ಪಿಆರ್‌ಎಸ್‌ನಲ್ಲಿ ಹಾಕಿದ್ದು 104, ಹೊರಗಿನ ಕನ್ಸಲ್ಟೆಂಟ್ ಲೆಕ್ಕ ಹಾಕಿದಾಗ ಮೈನಸ್ 142. ಗೊತ್ತಾದ ಮೇಲೂ ತಿಂಗಳುಗಟ್ಟಲೆ ಅಂಕ ತಿದ್ದಿರಲಿಲ್ಲ.

ಮೈನಸ್ ಹೇಗೆ ಅಂತ ಕೇಳಬೇಡಿ, 203ರವರೆಗೂ ಇಳಿಯುತ್ತೆ. 110ರಿಂದ ಶುರು ಮಾಡಿ, ಇಲ್ಲದ ಪ್ರತಿಯೊಂದಕ್ಕೆ 1, 3 ಅಥವಾ 5 ಕಳೆಯುತ್ತಾ ಹೋಗುವುದು. ಲೆವೆಲ್ 2ರ 110 ಭದ್ರತಾ ಅವಶ್ಯಕತೆಗಳ ಒಳಗೆ 320 ಪರೀಕ್ಷಾ ಅಂಶಗಳಿವೆ. ಒಂದು ಅಂಶ ತಪ್ಪಿದರೆ ಆ ಅವಶ್ಯಕತೆ ಪೂರ್ತಿ ‘ನಾಟ್ ಮೆಟ್’. ಅರ್ಧ ಅಂಕ ಇಲ್ಲ. ಎರಡಕ್ಕೆ ಮಾತ್ರ ರಿಯಾಯಿತಿ: ರಿಮೋಟ್ ಮತ್ತು ಅಡ್ಮಿನ್ ಬಳಕೆದಾರರಿಗೆ ಮಾತ್ರ ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಇದ್ದರೆ 5ರ ಬದಲು 3 ಕಡಿತ, ಎನ್‌ಕ್ರಿಪ್ಶನ್ ಇದೆ ಆದರೆ ಫಿಪ್ಸ್ (ಅಮೆರಿಕ ಸರಕಾರದ ಮಾನದಂಡ) ಮಾನ್ಯತೆ ಇಲ್ಲ ಅಂದರೆ ಅಲ್ಲೂ 3. ನಮ್ಮದು ಎರಡೂ ಹಾಗೇ ಇತ್ತು. ಆಡಿಟ್ ಲಾಗ್ (3.3.1) ಇಲ್ಲ, 5. ಇನ್ಸಿಡೆಂಟ್ ರೆಸ್ಪಾನ್ಸ್ (3.6.1) ಇಲ್ಲ, 5. ವಲ್ನರಬಿಲಿಟಿ ಸ್ಕ್ಯಾನ್ (3.11.2) ಇಲ್ಲ, 5. ಹೀಗೇ ಇನ್ನೂ ಹಲವು. ಪ್ರಾಮಾಣಿಕವಾಗಿ ಕೂತು ಕಳೆದಾಗ ನಿಂತಿದ್ದು 61. ಕಂಡೀಷನಲ್ (ತಾತ್ಕಾಲಿಕ) ಸ್ಟೇಟಸ್‌ಗೇ ಕನಿಷ್ಠ 88 ಬೇಕು, ಬಾಕಿ ಉಳಿದಿದ್ದನ್ನು 180 ದಿನದೊಳಗೆ ಮುಗಿಸಬೇಕು. ಆ ಬಾಕಿ ಪಟ್ಟಿಗೆ 5 ಅಂಕದವನ್ನು ಸೇರಿಸುವ ಹಾಗೇ ಇಲ್ಲ, ಸೇರುವುದು 1 ಅಂಕದವು, ಅದರಲ್ಲೂ ಕೆಲವು ಸೇರುವುದಿಲ್ಲ. ಫಿಪ್ಸ್ ಎನ್‌ಕ್ರಿಪ್ಶನ್‌ಗೆ ಮಾತ್ರ ವಿನಾಯಿತಿ.

ಎಸ್‌ಎಸ್‌ಪಿ ಬಗ್ಗೆ ಹೇಳದೆ ಇದ್ದರೆ ಹೊಟ್ಟೆ ಉರಿ ಆರುವುದಿಲ್ಲ. ಸಿಸ್ಟಂ ಸೆಕ್ಯುರಿಟಿ ಪ್ಲ್ಯಾನ್ ಇಲ್ಲದಿದ್ದರೆ ಅಂಕ ಹಾಕುವ ಪ್ರಶ್ನೆಯೇ ಇಲ್ಲ, ಅದು ಅಡಿಪಾಯ. ಇವರು ಕೊಟ್ಟಿದ್ದು 96 ಪುಟ. ನೋಡೋಕೆ ಭಾರಿಯಾಗಿತ್ತು. ದುಡ್ಡು ಕೊಟ್ಟ ಮೇಲೆ, ಅಫರ್ಮ್ ಒತ್ತಿದ ಮೇಲೆ, ಹೌದು, ಎಲ್ಲ ಆದ ಮೇಲೆ ಓದಿದ್ದು. 41ನೇ ಪುಟದಲ್ಲಿ ‘ಲೋಡಿಂಗ್ ಡಾಕ್‌ನ ಬ್ಯಾಡ್ಜ್ ರೀಡರ್’. ನಮ್ಮ ಆಫೀಸು ದಂತವೈದ್ಯರ ಕ್ಲಿನಿಕ್ ಮೇಲಿನ ಎರಡು ಕೋಣೆ. ಲಾರಿ ಬರಬೇಕಾದರೆ ಮೆಟ್ಟಿಲು ಹತ್ತಬೇಕು. 58ನೇ ಪುಟದಲ್ಲಿ ಬೇರೆ ಯಾರದೋ ಕಂಪನಿಯ ಹೆಸರು ಹಾಗೇ ಉಳಿದುಕೊಂಡಿದೆ. ಫೈಂಡ್-ರಿಪ್ಲೇಸ್ ಕೂಡ ನೆಟ್ಟಗೆ ಮಾಡಿಲ್ಲ.

ನಾವು ಕೇಳಿದಾಗ ಕನ್ಸಲ್ಟೆಂಟ್ ಕೊಟ್ಟ ಉತ್ತರಗಳು ಬಂದ ಕ್ರಮದಲ್ಲೇ ಇವೆ, ನಿಮಗೂ ಇವೇ ಬರುತ್ತವೆ.

‘ಯುಐಡಿ ಪ್ರೈಮ್ ಕೊಡ್ತಾರೆ ಸರ್.’ ಕೊಡುವುದಿಲ್ಲ.

‘ಇಲಾಖೆ ಹೆಸರೇ ಯುದ್ಧ ಇಲಾಖೆ ಅಂತ ಆಯ್ತಲ್ಲ, ಅದಕ್ಕೇ ಪೋರ್ಟಲ್‌ನಲ್ಲಿ ಅಪ್‌ಡೇಟ್ ತಡ.’ ಇದನ್ನು ನಂಬಿ ಎರಡು ವಾರ ಕಾದಿದ್ದೇವೆ. ನಗಬೇಡಿ.

‘ಎರಡನೇ ಪುಟ ನೋಡಿ ಸರ್, ಸರ್ಟಿಫಿಕೇಶನ್ ರೆಡಿನೆಸ್ ಅಂತ ಇದೆ, ಸರ್ಟಿಫಿಕೇಶನ್ ಅಂತ ಎಲ್ಲಿದೆ?’

ದುಡ್ಡು ವಾಪಸ್ ಕೇಳಿದಾಗ: ‘ಅಫರ್ಮ್ ಕ್ಲಿಕ್ ಮಾಡಿದ್ದು ನೀವೇ ತಾನೇ?’

ಮೂರು ನಾಮ ಹಾಕಿ, ಕನ್ನಡಿನೂ ಹಿಡಿದರು.

ಇನ್ನೊಂದು, ಇದು ನಮ್ಮವರಿಗೇ ಹೆಚ್ಚು ಮುಖ್ಯ. ಪ್ಯಾಕೇಜಿನಲ್ಲಿ ‘24 ಗಂಟೆ ಮಾನಿಟರಿಂಗ್’ ಇತ್ತು. ಯಾರು ಮಾಡ್ತಾರೆ ಅಂದರೆ ‘ನಮ್ಮವರೇ ಸರ್, ಬೆಂಗಳೂರಿನ ಟೀಮು.’ ಕನ್ನಡ ಕೇಳಿ ಕರಗಿದೆವು. ಆ ಟೀಮಿನ ಹುಡುಗರ ತಪ್ಪಿಲ್ಲ, ಅವರಿಗೆ ಯಾರೂ ಹೇಳಿಲ್ಲ. ಆದರೆ ಅವರ ಕೈಯಲ್ಲಿ ನಮ್ಮ ಟೆನೆಂಟಿನ (ಕಂಪನಿಯ ಕ್ಲೌಡ್ ಖಾತೆಯ) ಗ್ಲೋಬಲ್ ಅಡ್ಮಿನ್ ಅಧಿಕಾರ ಇತ್ತು, ಟೆನೆಂಟಿನಲ್ಲಿ ಐಟಾರ್ (ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಮ) ಗುರುತಿನ ಡ್ರಾಯಿಂಗ್‌ಗಳಿದ್ದವು. ಅಂಥದ್ದು ಪರದೇಶದವರ ಕೈಗೆ ಸಿಕ್ಕರೆ ರಫ್ತು ಮಾಡಿದ ಹಾಗೆ. ಅವರು ಅಮೆರಿಕದ ನೆಲದಲ್ಲೇ ಕೂತಿದ್ದರೂ ಅಷ್ಟೇ: ಎಚ್-1ಬಿಯಲ್ಲಿರುವ ನಿಮ್ಮ ಎಂಜಿನಿಯರ್‌ಗೂ ಲೈಸೆನ್ಸ್ ಇಲ್ಲದೆ ತೋರಿಸುವಂತಿಲ್ಲ, ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆ ಇಲ್ಲ. ಈ ಪ್ರಶ್ನೆಯನ್ನು ಕನ್ಸಲ್ಟೆಂಟ್ ಒಮ್ಮೆಯೂ ಕೇಳಲಿಲ್ಲ. ಒಮ್ಮೆಯೂ.

ದುಡ್ಡು ಕೊಡುವ ಮುಂಚೆ: ನಮಗೆ ಬರುವುದು ಬರೀ ಎಫ್‌ಸಿಐಯೋ (ಕಾಂಟ್ರ್ಯಾಕ್ಟಿನ ಸಾಮಾನ್ಯ ಮಾಹಿತಿ), ಸಿಯುಐಯೋ (ರಹಸ್ಯವಲ್ಲದಿದ್ದರೂ ಕಾಪಾಡಬೇಕಾದ ಸೂಕ್ಷ್ಮ ಮಾಹಿತಿ) ಅಂತ ಪ್ರೈಮ್ ಹತ್ತಿರ ಬರಹದಲ್ಲಿ ಕೇಳಿ. ಬರೀ ಎಫ್‌ಸಿಐ ಆದರೆ ಲೆವೆಲ್ 1 ಸಾಕು, 15 ಅವಶ್ಯಕತೆ, ವರ್ಷಕ್ಕೊಮ್ಮೆ ನೀವೇ ಮಾಡಿಕೊಳ್ಳುವುದು. ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಹೆಸರು ಸೈಬರ್ ಎಬಿ (ಸಿಎಂಎಂಸಿಯ ಮಾನ್ಯತಾ ಸಂಸ್ಥೆ) ಮಾರ್ಕೆಟ್‌ಪ್ಲೇಸ್‌ನಲ್ಲಿ ‘ಸಿ3ಪಿಎಒ’ ಅಂತ ಇದೆಯೇ ನೋಡಿ. ‘ಆರ್‌ಪಿಒ’ ಅಂತ ಇದ್ದರೆ ಅವರು ಸಲಹೆಗಾರರು ಅಷ್ಟೇ. ತಯಾರಿಯೂ ನಾವೇ, ಸರ್ಟಿಫಿಕೇಟೂ ನಾವೇ ಅಂದವರ ಫೋನು ಅಲ್ಲೇ ಇಡಿ, ತಯಾರಿ ಮಾಡಿಸಿದ ಸಂಸ್ಥೆ ಅದೇ ಕಂಪನಿಯನ್ನು ಅಸೆಸ್ ಮಾಡುವಂತಿಲ್ಲ. ಎಸ್‌ಎಸ್‌ಪಿಯನ್ನು ಓದಿ, ಆಮೇಲೆ ಒತ್ತಿ. ಈಗಾಗಲೇ ಒತ್ತಿಬಿಟ್ಟಿದ್ದರೆ ಸರಕಾರಿ ಕಾಂಟ್ರ್ಯಾಕ್ಟ್ ಗೊತ್ತಿರುವ ವಕೀಲರನ್ನು ಕೇಳಿ ಅಂಕವನ್ನು ಬೇಗ ಸರಿಪಡಿಸಿ, ಪ್ರೈಮ್‌ಗೂ ತಿಳಿಸಿ. ನಾವು ತಿದ್ದಿದೆವು. ಪ್ರೈಮ್‌ನ ಆ ಕೆಲಸ ಸದ್ಯಕ್ಕೆ ಕೈತಪ್ಪಿದೆ.

ನಿನ್ನೆ ಅವರಿಂದ ಹೊಸ ಇನ್‌ವಾಯ್ಸ್ ಬಂದಿದೆ. ‘ವಾರ್ಷಿಕ ಅಫರ್ಮೇಶನ್ ಸಹಾಯ’, 4,000 ಡಾಲರ್. ಕೆಳಗೆ ‘ಕನ್ನಡಿಗರಿಗೆ ಶೇ 10 ರಿಯಾಯಿತಿ’.