ರೋಮ್‌ನ ಕೊಲೊಸಿಯಂ ಟಿಕೆಟ್: ದುಡ್ಡು ವಸೂಲಾಗುವುದು ಫೋರಮ್‌ನಲ್ಲಿ

18 ಯೂರೋದ ಸಾಮಾನ್ಯ ಟಿಕೆಟ್‌ನಲ್ಲಿ ಕೊಲೊಸಿಯಂ, ರೋಮನ್ ಫೋರಮ್ (ಹಳೆಯ ರೋಮ್‌ನ ನಡುಚೌಕದ ಅವಶೇಷಗಳು), ಅದರ ಪಕ್ಕದ ಪ್ಯಾಲಟೈನ್ ಗುಡ್ಡ ಮೂರೂ ಸೇರಿವೆ. ಅವಧಿ 24 ಗಂಟೆ. ಜನ ಕೊಳ್ಳುವುದು ಕೊಲೊಸಿಯಂ ಹೆಸರು ನೋಡಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅನ್ನಿಸುವುದು ಮಾತ್ರ ಉಳಿದೆರಡರಲ್ಲಿ.

ಎಡವಟ್ಟು ಶುರುವಾಗುವುದೇ ಬುಕಿಂಗ್‌ನಲ್ಲಿ. ಅಧಿಕೃತ ತಾಣದಲ್ಲಿ ಟಿಕೆಟ್ ಸಿಗುವುದು 30 ದಿನ ಮೊದಲಿಂದ. ಬೆಳಗಿನ ಸಮಯಗಳು ಬೇಗ ಖಾಲಿಯಾಗುತ್ತವೆ. ಟಿಕೆಟ್ ಮೇಲೆ ಹೆಸರಿರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಹೆಸರು ತುಂಬಿ, ಇನಿಷಿಯಲ್ ಹಾಕಿ ಮುಗಿಸಬೇಡಿ. 18 ವರ್ಷದೊಳಗಿನವರಿಗೆ ಉಚಿತ, ಆದರೂ ಅವರ ಹೆಸರಲ್ಲೂ ಟಿಕೆಟ್ ತೆಗೆಯಬೇಕು. ಅಖಾಡದ ನೆಲ, ನೆಲಮಾಳಿಗೆ ಈ ಟಿಕೆಟ್‌ಗೆ ಸೇರುವುದಿಲ್ಲ. ದೊಡ್ಡ ಬ್ಯಾಗ್, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ.

ಟಿಕೆಟ್‌ನಲ್ಲಿ ಬರೆದ ಸಮಯ ಕೊಲೊಸಿಯಂಗೆ ಮಾತ್ರ. ಫೋರಮ್ ಮತ್ತು ಪ್ಯಾಲಟೈನ್ ಎರಡೂ ಒಂದೇ ಆವರಣ, ಪ್ರವೇಶ ಒಂದೇ ಸಲ. ಊಟಕ್ಕೆಂದು ಹೊರಬಿದ್ದರೆ ಮತ್ತೆ ಒಳಗೆ ಹೋಗುವಂತಿಲ್ಲ. ಹೆಚ್ಚಿನವರು ಅರ್ಧ ದಿನ ಕಳೆದುಕೊಳ್ಳುವುದು ಇಲ್ಲೇ.

ಕೊಲೊಸಿಯಂಗೆ ಮಧ್ಯಾಹ್ನ ಒಂದರ ನಂತರದ ಸಮಯ ಹಿಡಿದು, ಬೆಳಿಗ್ಗೆ ಸ್ಯಾನ್ ಗ್ರೆಗೋರಿಯೊ ರಸ್ತೆಯ ಬಾಗಿಲಿಂದ ಪ್ಯಾಲಟೈನ್ ಹತ್ತುವುದು ಒಳ್ಳೆಯದು. ಅಲ್ಲಿ ಸಾಲು ಚಿಕ್ಕದು. ಫಾರ್ನೀಸ್ ತೋಟದ ಅಂಚಿನಿಂದ ಇಡೀ ಫೋರಮ್ ಕಾಲ ಕೆಳಗೆ ಕಾಣುತ್ತದೆ. ನಕ್ಷೆ ತಲೆಗೆ ಹತ್ತಿದ ಮೇಲೆ ಇಳಿದರೆ ಕಲ್ಲಿನ ರಾಶಿ ಊರಾಗಿ ಕಾಣುತ್ತದೆ. ಫೋರಮ್‌ನಲ್ಲಿ ನೆರಳು ಇಲ್ಲವೇ ಇಲ್ಲ ಅನ್ನಬಹುದು, ಬಿಸಿಲೇರುವ ಮುಂಚೆ ಮುಗಿಸಿ. ಫೋರಮ್ ನಡುವೆ ಹಾಯುವ ಹಳೆಯ ರಸ್ತೆ ವಿಯಾ ಸಾಕ್ರಾದ ಕರಿಗಲ್ಲು ಸವೆದು ನುಣುಪಾಗಿ ಏರುತಗ್ಗಾಗಿದೆ: ಚಪ್ಪಲಿ ಜಾರುತ್ತದೆ, ಮಕ್ಕಳ ತಳ್ಳುಗಾಡಿ ಉರುಳುವುದಿಲ್ಲ. ವಿವರಣೆಯ ಫಲಕಗಳು ಈ ಬೆಲೆಗೆ ತಕ್ಕಷ್ಟಿಲ್ಲ.

ಫೋರಮ್‌ನಲ್ಲಿ ತಪ್ಪಿಸಬಾರದ್ದು ಆಂಟೊನೈನಸ್–ಫೌಸ್ಟಿನಾ ದೇವಾಲಯ. ಎರಡನೇ ಶತಮಾನದ ಕಂಬಗಳ ಹಿಂದೆ ಚರ್ಚೊಂದು ಎದ್ದಿದೆ, ಅದರ ಬಾಗಿಲು ಮೆಟ್ಟಿಲಿಲ್ಲದೆ ಗಾಳಿಯಲ್ಲಿ ನಿಂತಿದೆ. ಬಾಗಿಲಿಟ್ಟ ಕಾಲಕ್ಕೆ ಹೂಳು ತುಂಬಿ ನೆಲ ಅಷ್ಟು ಎತ್ತರಕ್ಕೆ ಬಂದಿತ್ತು. ಆಮೇಲೆ ಅಗೆದು ತೆಗೆದರು. ಕಾಲ ಎಷ್ಟು ಹೂತುಹಾಕಿತ್ತೆಂಬುದಕ್ಕೆ ಇದಕ್ಕಿಂತ ಸರಿಯಾದ ಅಳತೆಗೋಲು ಆವರಣದಲ್ಲಿ ಬೇರೆ ಇಲ್ಲ.

ಕ್ರಿ.ಶ. 80ರಲ್ಲಿ ತೆರೆದ ಕೊಲೊಸಿಯಂಗೆ ಒಂದೂವರೆ ಗಂಟೆ ಸಾಕು. ಒಳಗೆ ನೂಕುನುಗ್ಗಲು, ಹೊರಗೋಡೆಯೇ ಹೆಚ್ಚು ಮಾತಾಡುತ್ತದೆ. ಉತ್ತರ ಬದಿಯ ಕಮಾನುಗಳ ನೆತ್ತಿಯಲ್ಲಿ ಕೊರೆದ ಅಂಕಿಗಳು ಅಂದಿನ ಗೇಟ್ ನಂಬರುಗಳು. ಗೋಡೆ ತುಂಬ ಕಾಣುವ ತೂತುಗಳು ಕಲ್ಲು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ಮಧ್ಯಯುಗದವರು ಕಿತ್ತು ಒಯ್ದ ಗುರುತು. ಚಳಿಗಾಲದಲ್ಲಿ 4:30ಕ್ಕೇ ಮುಚ್ಚುತ್ತದೆ, ಕೊನೆಯ ಪ್ರವೇಶ ಒಂದು ಗಂಟೆ ಮೊದಲು.

ಹೊತ್ತಿದ್ದರೆ 1932ರಲ್ಲಿ ಮುಸೊಲಿನಿ ಚಕ್ರವರ್ತಿಗಳು ಕಟ್ಟಿಸಿದ ಬೇರೆ ಫೋರಮ್‌ಗಳ ಮೇಲೆಯೇ ಹಾಸಿದ ಅಗಲ ರಸ್ತೆ ಹಿಡಿದು ಲಾರ್ಗೊ ಅರ್ಜೆಂಟೀನಾ ಎಂಬ ಚೌಕಕ್ಕೆ ನಡೆಯಿರಿ. ಸುತ್ತ ಬಸ್ಸುಗಳ ಗದ್ದಲ, ನಡುವಿನ ಗುಂಡಿಯಲ್ಲಿ ನಾಲ್ಕು ದೇವಾಲಯ, ಕಂಬಗಳ ಬುಡದಲ್ಲಿ ಬೆಕ್ಕುಗಳು. ಸೀಸರ್ ಕೊಲೆಯಾದದ್ದು ಇದೇ ಜಾಗದಲ್ಲಿ. ಕೆಳಗಿಳಿಯಲು ಬೇರೆ ಟಿಕೆಟ್ ಬೇಕು. ಕಟಕಟೆಗೆ ಒರಗಿ ಮೇಲಿಂದ ನೋಡಿದರೂ ಬಹುಪಾಲು ಕಾಣುತ್ತದೆ.

ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ. ಬೀದಿಬೀದಿಯಲ್ಲಿ ನಾಸೊನಿ ಎಂಬ ಕಬ್ಬಿಣದ ನಲ್ಲಿಕಂಬಗಳಿವೆ, ನೀರು ಕುಡಿಯಲು ಯೋಗ್ಯ. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.