ರಿವರ್ಸ್ ಹಿಡೀತಿಲ್ಲ ಅಂದ ಕೂಡಲೇ ಗೇರ್‌ಬಾಕ್ಸ್ ಇಳಿಸಲು ಬಿಡಬೇಡಿ

ಆಟೋಮ್ಯಾಟಿಕ್ ಕಾರು ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ, ಆದರೆ ದುಡ್ಡಿನ ವಿಷಯ.

ಡಿ (ಮುಂದಕ್ಕೆ ಓಡಿಸುವ ಗೇರ್) ಚೆನ್ನಾಗಿ ಹಿಡಿಯುತ್ತಿದೆ, ಆರ್ (ರಿವರ್ಸ್) ಮಾತ್ರ ಹಿಡಿಯುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಬರುವ ಮೊದಲ ಉತ್ತರ, "ಬಾಕ್ಸ್ ಹೋಗಿದೆ, ಇಳಿಸಬೇಕು." ಒಪ್ಪಬೇಡಿ. ಹೊರಗಿನಿಂದಲೇ ನೋಡಬಹುದಾದ ಕೆಲವು ವಿಷಯಗಳಿವೆ. ಮೊದಲು ಅವನ್ನು ನಿಮ್ಮ ಕಣ್ಣೆದುರಿಗೇ ನೋಡಿಸಿ, ಆಮೇಲೆ ಬೇಕಾದರೆ ಬಾಕ್ಸ್ ಮುಟ್ಟಲಿ. ಯಾಕೆಂದರೆ ಒಮ್ಮೆ ಬಾಕ್ಸ್ ಬಿಚ್ಚಿ ಟ್ರೇಯಲ್ಲಿ ಹರಡಿದ ಮೇಲೆ, ನಿಜಕ್ಕೂ ಏನು ಕೆಟ್ಟಿತ್ತು ಅಂತ ತೋರಿಸಲು ಏನೂ ಉಳಿಯುವುದಿಲ್ಲ. ಅವರು ಹೇಳಿದ್ದೇ ಸತ್ಯ. ನನಗೆ ಹೀಗೆ 78,000 ರೂಪಾಯಿ ಹೋಯಿತು. ಕೆಟ್ಟಿದ್ದು ಬಾಕ್ಸಿನ ಹೊರಗಿದ್ದ, ಬೆರಳ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್, ಅಂದರೆ ಕೇಬಲಿನ ತುದಿಯೊಳಗೆ ಕೂರುವ ಪುಟ್ಟ ಬಳೆ.

ನಮ್ಮದು ಹಳೆಯ ಪೆಟ್ರೋಲ್ ಕಾರು. ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇರುವ ಬಾಕ್ಸ್. ಎಎಂಟಿ ಅಲ್ಲ, ಸಿವಿಟಿಯೂ ಅಲ್ಲ, ಅವೆರಡೂ ಬೇರೆ ಬಗೆಯ ಆಟೋಮ್ಯಾಟಿಕ್. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ಕಾರಿನ ಮೇಲೆ ನನಗೇನೂ ಸಿಟ್ಟಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟ್, ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಹಿಂದಕ್ಕೆ ಹೋಗಿ ನಿಲ್ಲಿಸಬೇಕು. ಅಲ್ಲೇ ತೊಂದರೆ ಶುರುವಾಯಿತು. ರ‍್ಯಾಂಪ್ ಇಳಿದು, ಸ್ವಲ್ಪ ಮುಂದೆ ಹೋಗಿ, ಆರ್‌ಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಸುಮ್ನೆ ಕೂಗುತ್ತದೆ, ಕಾರು ನಿಂತಲ್ಲೇ ನಿಂತಿರುತ್ತದೆ. ಹಿಂದೆ ಬಂದವರು ಹಾರನ್ ಒತ್ತುತ್ತಿರುತ್ತಾರೆ. ಲಿವರನ್ನು ಆರ್‌ನಲ್ಲೇ ಪಿ (ಪಾರ್ಕ್) ಕಡೆಗೆ ಒಂಚೂರು ಒತ್ತಿ ಹಿಡಿದರೆ ಕೆಲವು ಸಲ ದಡ್ ಅಂತ ಹಿಡಿಯುತ್ತಿತ್ತು.

ಇದರ ಜೊತೆಗೆ ಇನ್ನೂ ಕೆಲವು ಸಣ್ಣ ವಿಷಯಗಳಿದ್ದವು, ಅವನ್ನೆಲ್ಲ ಗ್ಯಾರೇಜಿನಲ್ಲಿ ಮೊದಲ ದಿನವೇ ಹೇಳಿದ್ದೆ. ಪಿಯಿಂದ ನೇರ ಆರ್‌ಗೆ ಹಾಕಿದರೆ ರಿವರ್ಸ್ ಹಿಡಿಯುತ್ತಿತ್ತು, ಡಿಯಿಂದ ವಾಪಸ್ ಆರ್‌ಗೆ ತಂದರೆ ಹಿಡಿಯುತ್ತಿರಲಿಲ್ಲ. ರಿವರ್ಸ್ ಹಿಡಿಯದಿದ್ದಾಗ ಹಿಂದಿನ ಕ್ಯಾಮೆರಾ ಕೂಡ ಆನ್ ಆಗುತ್ತಿರಲಿಲ್ಲ. ಒಮ್ಮೊಮ್ಮೆ ಪಿಯಲ್ಲಿ ಕಾರು ಸ್ಟಾರ್ಟೇ ಆಗುತ್ತಿರಲಿಲ್ಲ, ಎನ್‌ಗೆ (ನ್ಯೂಟ್ರಲ್) ಹಾಕಿದರೆ ಒಂದೇ ಸಲಕ್ಕೆ ಆಗುತ್ತಿತ್ತು. ಕಸುಬು ಗೊತ್ತಿದ್ದವರಿಗೆ ಇಷ್ಟು ಸಾಕಿತ್ತು.

ಗ್ಯಾರೇಜಿನವರು ಬಾನೆಟ್ ಕೂಡ ಎತ್ತಲಿಲ್ಲ. ಹುಡುಗನೊಬ್ಬ ಒಂದು ರೌಂಡ್ ಓಡಿಸಿಕೊಂಡು ಬಂದ. ಓನರ್ ಮೊಬೈಲಿನಿಂದ ತಲೆ ಎತ್ತದೆ, "ರಿವರ್ಸ್ ಕ್ಲಚ್ ಸುಟ್ಟಿದೆ ಮೇಡಂ, ಬಾಕ್ಸ್ ಇಳಿಸಿ ಪ್ಲೇಟು, ಸೀಲ್ ಎಲ್ಲ ಹಾಕಬೇಕು" ಅಂದರು. ಮತ್ತೆ ಪಿಯಿಂದ ಹಾಕಿದರೆ ಯಾಕೆ ಹಿಡಿಯುತ್ತದೆ ಅಂತ ಕೇಳಿದೆ. "ಅದೆಲ್ಲ ಒಳಗಿನ ವಿಷಯ, ನಿಮಗೆ ಹೇಳಿದ್ರೆ ಅರ್ಥ ಆಗಲ್ಲ, ಮನೆಯವರಿಗೆ ಫೋನ್ ಕೊಡಿ." ನನ್ನ ಗಂಡನಿಗೆ ಕಾರಿನ ಬಗ್ಗೆ ಗೊತ್ತಿರುವುದು ಪೆಟ್ರೋಲ್ ಎಲ್ಲಿ ಹಾಕಬೇಕು ಅನ್ನುವುದು ಮಾತ್ರ! ಅದು ಬಿಡಿ. ಸ್ಕ್ಯಾನರ್ ಹಾಕಿ ನೋಡಿ ಅಂದೆ. ಹಳೇ ಗಾಡಿಗೆ ಸ್ಕ್ಯಾನರಿನಲ್ಲಿ ಏನೂ ಬರಲ್ಲ ಅಂದರು. ಇದು ಶುದ್ಧ ಸುಳ್ಳು.

ಅಡ್ವಾನ್ಸ್ ಕಟ್ಟಿಸಿಕೊಂಡರು, ವಾರಗಟ್ಟಲೆ ಕಾರು ಇಟ್ಟುಕೊಂಡರು. ಕೊಟ್ಟಾಗ ರಿವರ್ಸ್ ಸರಿಯಾಗೇ ಹಿಡಿಯುತ್ತಿತ್ತು. ಹಳೆಯ ಪ್ಲೇಟು ಕೊಡಿ ಅಂತ ಕೇಳಿದರೆ ಗುಜರಿಗೆ ಹೋಯಿತು ಅಂದರು. ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಅದೇ ಕತೆ: ಅದೇ ಬೇಸ್‌ಮೆಂಟು, ಅದೇ ಕೂಗು, ಅದೇ ಹಾರನ್. ಮತ್ತೆ ಹೋದರೆ "ಟಾರ್ಕ್ ಕನ್ವರ್ಟರೂ ಹೋಗಿರಬೇಕು, ಇನ್ನೊಂದು 40 ಆಗುತ್ತೆ" ಅಂದರು. 40 ಅಂದರೆ 40 ಸಾವಿರ.

ಗುಟ್ಟು ಹೊರಬಿದ್ದಿದ್ದು ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ನಾನು ಹೋಗಿದ್ದು ರಿವರ್ಸ್ ಕ್ಯಾಮೆರಾ ತೋರಿಸಲು, ಗೇರಿನ ಮಾತೇ ಎತ್ತಿರಲಿಲ್ಲ. ಅವರು ಹ್ಯಾಂಡ್‌ಬ್ರೇಕ್ ಎಳೆಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿಸಿ, ನನ್ನನ್ನು ಒಳಗೆ ಕೂರಿಸಿದರು. ತಾವು ಏರ್ ಫಿಲ್ಟರ್ ಡಬ್ಬ ಬಿಚ್ಚಿ ಅದರ ಕೆಳಗೆ ಟಾರ್ಚ್ ಬಿಟ್ಟರು.

"ಡಿಗೆ ಹಾಕಿ ಮೇಡಂ. ಈಗ ಆರ್‌ಗೆ ತನ್ನಿ. ಬಂತಾ?"

"ಬಂತು."

"ಇಲ್ಲಿ ಬಂದಿಲ್ಲ. ಇಳಿದು ಬಂದು ನೀವೇ ನೋಡಿ."

ಹೋಗಿ ನೋಡಿದೆ. ಗೇರ್‌ಬಾಕ್ಸಿನ ಮೇಲೆ ಒಂದು ಪುಟ್ಟ ಕಬ್ಬಿಣದ ತೋಳು, ಅದರ ಮೊಳೆಗೆ ಲಿವರಿನಿಂದ ಬಂದ ಕೇಬಲಿನ ತುದಿ ಸಿಕ್ಕಿಸಿದೆ. ಆ ತುದಿಯೊಳಗೆ ಇರಬೇಕಾದ ಪ್ಲಾಸ್ಟಿಕ್ ಬುಷ್ ಒಂದು ಬದಿ ಪೂರ್ತಿ ಪುಡಿಯಾಗಿತ್ತು. ಮೊಳೆಯ ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಎಣ್ಣೆ ಕುಡಿದು, ಮೆತ್ತಗಾಗಿ, ಅರ್ಧ ಜಾರಿ ನೇತಾಡುತ್ತಿತ್ತು. ಅವರು ಬೆರಳಿನಲ್ಲಿ ಆ ತೋಳನ್ನು ಒಂದು ಕಚ್ಚು ಮುಂದೆ ತಳ್ಳಿದರು. ಟಕ್ ಅಂತು. ಹಿಂದಿನ ಗೋಡೆಯ ಮೇಲೆ ರಿವರ್ಸ್ ಲೈಟಿನ ಬೆಳಕು ಬಿತ್ತು.

ಆ ಟೇಪನ್ನು ನೋಡಿದಾಗ ಬಂದ ಸಿಟ್ಟು ಇಷ್ಟಿಷ್ಟಲ್ಲ. ಟೇಪ್ ತಾನಾಗೇ ಹೋಗಿ ಸುತ್ತಿಕೊಳ್ಳುವುದಿಲ್ಲ, ಅಲ್ವಾ? ಬಾಕ್ಸ್ ಇಳಿಸಬೇಕಾದರೆ ಆ ಕೇಬಲ್ ಕಳಚಲೇಬೇಕು. ಕಳಚಿದವರು ಬುಷ್ ನೋಡಿದ್ದಾರೆ, ಟೇಪ್ ಸುತ್ತಿದ್ದಾರೆ, ಬಿಲ್ಲಿನಲ್ಲಿ ಕ್ಲಚ್ ಪ್ಲೇಟ್ ಅಂತ ಬರೆದಿದ್ದಾರೆ.

ಡಿಯಲ್ಲಿ ಯಾಕೆ ತೊಂದರೆ ಇರಲಿಲ್ಲ ಅಂತ ಈಗ ಅರ್ಥವಾಗುತ್ತದೆ. ಲಿವರ್ ಸಾಲು ಪಿ, ಆರ್, ಎನ್, ಡಿ. ನಮ್ಮ ಬುಷ್ ಒಂದೇ ಬದಿ ಸವೆದಿತ್ತು. ಲಿವರನ್ನು ಡಿ ಕಡೆಗೆ ಎಳೆಯುವಾಗ ಕೇಬಲ್ ಗಟ್ಟಿಯಾಗಿ ಎಳೆಯುತ್ತಿತ್ತು, ವಾಪಸ್ ಪಿ ಕಡೆಗೆ ತಳ್ಳುವಾಗ ಸಡಿಲ. ಆದ್ದರಿಂದ ಡಿಯಿಂದ ಆರ್‌ಗೆ ತಂದಾಗ ಬಾಕ್ಸಿನ ತೋಳು ಎನ್ ಹತ್ತಿರವೇ ಉಳಿಯುತ್ತಿತ್ತು. ಪಿಗೆ ಹಾಕಿದಾಗಲೂ ಪೂರ್ತಿ ಪಿ ತಲುಪುತ್ತಿರಲಿಲ್ಲ, ಅದಕ್ಕೇ ಸ್ಟಾರ್ಟ್ ಆಗುತ್ತಿರಲಿಲ್ಲ. ಪಿ ಸರಿಯಾಗಿ ಬೀಳದ ಕಾರು ಇಳಿಜಾರಿನಲ್ಲಿ ಉರುಳಿ ಹೋಗಬಹುದು. ನಮ್ಮದು ಬೇಸ್‌ಮೆಂಟಿನ ಸಮತಟ್ಟು ನೆಲ, ಬಚಾವಾದೆವು. ಇದು ಎಲ್ಲೋ ಅಪರೂಪಕ್ಕೆ ಆಗುವಂಥದ್ದು ಅಂದುಕೊಳ್ಳಬೇಡಿ. ಇದೇ ಕೇಬಲ್ ಬುಷ್ ಕಳಚಿ ಕಾರು ಉರುಳಬಹುದು ಅಂತ 2022ರಲ್ಲಿ ಫೋರ್ಡ್ ಅಮೆರಿಕದಲ್ಲಿ ಸುಮಾರು 29 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿತ್ತು. ನಮ್ಮ ಕಾರು ಆ ಕಂಪನಿಯದ್ದಲ್ಲ, ಆದರೆ ಪ್ಲಾಸ್ಟಿಕ್ ಎಲ್ಲ ಕಡೆ ಪ್ಲಾಸ್ಟಿಕ್ಕೇ. ಪಿಗೆ ಹಾಕಿದರೂ ಹ್ಯಾಂಡ್‌ಬ್ರೇಕ್ ಎಳೆಯಿರಿ.

ಈಗ ನೀವು ಏನು ನೋಡಬೇಕು ಅನ್ನೋದು. ಇದು ಟಾರ್ಕ್ ಕನ್ವರ್ಟರ್ ಇರುವ ಕಾರಿನ ಮಾತು, ನೆನಪಿರಲಿ.

ಮೊದಲು ಲೈಟು. ಆರ್‌ಗೆ ಹಾಕಿ, ಹಿಂದೆ ಬಿಳಿ ಲೈಟ್ ಹತ್ತಿತಾ, ಮೀಟರಿನಲ್ಲಿ ಆರ್ ಅಂತ ತೋರಿಸುತ್ತಿದೆಯಾ ನೋಡಿ. ಹೆಚ್ಚಿನ ಕಾರುಗಳಲ್ಲಿ ಆ ಅಕ್ಷರ ಬರುವುದು ಬಾಕ್ಸಿನ ಮೇಲಿರುವ ಸ್ವಿಚ್ಚಿನಿಂದ. ಲಿವರ್ ಆರ್‌ನಲ್ಲಿದ್ದೂ ಮೀಟರ್ ಬೇರೆ ಏನೋ ತೋರಿಸುತ್ತಿದ್ದರೆ ಕೇಬಲ್, ಬುಷ್ ಅಥವಾ ಆ ಸ್ವಿಚ್ಚಿನ ಮೇಲೆ ಅನುಮಾನ. ಇವೆಲ್ಲ ಬಾಕ್ಸಿನ ಹೊರಗಿನ ಸಾಮಾನು. ಲೈಟೂ ಹತ್ತಿ, ಆರ್ ಅಂತಲೂ ತೋರಿಸಿ, ಆದರೂ ಕಾರು ಅಲ್ಲಾಡದಿದ್ದರೆ ಒಳಗಿನ ತೊಂದರೆ ಇರಬಹುದು. ಆಗಲೂ ಮೊದಲು ಆಯಿಲ್.

ಗೇರ್ ಆಯಿಲ್ ಕಡಿಮೆಯಾದರೆ ಹಲವು ಸಲ ಮೊದಲು ಸತಾಯಿಸುವುದು ರಿವರ್ಸೇ, ಯಾಕೆಂದರೆ ಸಾಮಾನ್ಯವಾಗಿ ಡಿಗಿಂತ ಆರ್‌ಗೆ ಆಯಿಲ್ ಪ್ರೆಶರ್ ಜಾಸ್ತಿ ಬೇಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಬಿಸಿಯಾದ ಮೇಲೆ, ಓಡುತ್ತಿರುವಾಗಲೇ, ಸಮತಟ್ಟು ಜಾಗದಲ್ಲಿ ನೋಡಬೇಕು. ಹೋಂಡಾದ ಹಲವು ಕಾರುಗಳಲ್ಲಿ ಇಂಜಿನ್ ಆಫ್ ಮಾಡಿದ ಕೂಡಲೇ ನೋಡಬೇಕು. ಈಚಿನ ಹಲವು ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಲಿಫ್ಟಿಗೆ ಹಾಕಿ ಪ್ಲಗ್ ಬಿಚ್ಚಿ ನೋಡುತ್ತಾರೆ. ಒಂದು ಬಿಳಿ ಟಿಶ್ಯೂ ಮೇಲೆ ಎರಡು ಹನಿ ಬಿಡಿ. ಕೆಂಪಗಿದ್ದರೆ ಒಳ್ಳೆಯದು. ಕಂದು ಬಣ್ಣ ಅಂದರೆ ಹಳತಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟ್ ಸುಟ್ಟಿದೆ ಅನ್ನುವ ಮಾತನ್ನು ನಂಬಬಹುದು. ಹಾಲು ಬೆರೆಸಿದಂತೆ ತೆಳು ಗುಲಾಬಿ ಆಗಿದ್ದರೆ ನೀರು ಅಥವಾ ಕೂಲಂಟ್ ಸೇರಿದೆ, ಆ ಕಾರನ್ನು ಇನ್ನೊಂದು ಮೀಟರೂ ಓಡಿಸಬೇಡಿ, ಪ್ಲೇಟಿಗೆ ಅಂಟಿಸಿದ ಪದರ ಎದ್ದು ಬರುತ್ತದೆ. ನಮ್ಮದು ಕೆಂಪಗೇ ಇತ್ತಂತೆ! ಎಲೆಕ್ಟ್ರಿಷಿಯನ್ ಅಂಗಡಿಯ ಹುಡುಗ ಮೊದಲು ಇದೇ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು, ಬಾಕ್ಸ್ ಇಳಿಸುವಾಗ ಆಯಿಲ್ ಬಸಿದವನೇ ಅವನು, ಅವನ ಬಾಯಿಂದಲೇ ಬಂತು.

ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ತಡವಾಗಿ ಹಿಡಿದು, ಬಿಸಿಯಾದ ಮೇಲೆ ಸರಿಹೋದರೆ ಒಳಗಿನ ರಬ್ಬರ್ ಸೀಲ್ ಗಟ್ಟಿಯಾಗಿರಬಹುದು. ಎನ್‌ನಲ್ಲೂ ಕಾರು ಮುಂದೆ ತೆವಳುತ್ತಿದ್ದು, ಆರ್‌ಗೆ ಹಾಕಿದರೆ ಯಾರೋ ಬ್ರೇಕ್ ಹಿಡಿದ ಹಾಗೆ ಜಗ್ಗಿದರೆ, ಮುಂದಕ್ಕೆ ಓಡಿಸುವ ಕ್ಲಚ್ ಬಿಡುತ್ತಿಲ್ಲ ಅಂತ ಅರ್ಥ. ಕೇಬಲ್ ಅಡ್ಜಸ್ಟ್‌ಮೆಂಟ್ ಸರಿ ಇದೆಯಾ ಅಂತ ಅಲ್ಲೂ ಮೊದಲು ನೋಡಬೇಕು. ಹಳೆಯ ನಾಲ್ಕು ಗೇರಿನ ಬಾಕ್ಸುಗಳಿಗೆ ಇನ್ನೊಂದು ಚಂದದ ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಲ್‌ನಲ್ಲಿ (ಲೋ, ಅಂದರೆ ಕೆಳಗಿನ ಗೇರ್) ಓಡಿಸಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಇಂಜಿನ್ ಕಾರನ್ನು ಹಿಡಿದು ನಿಧಾನ ಮಾಡಿದರೆ, ಎಲ್‌ಗೂ ಆರ್‌ಗೂ ಸೇರಿ ಕೆಲಸ ಮಾಡುವ ಒಳಗಿನ ಬ್ರೇಕ್ ಚೆನ್ನಾಗಿದೆ ಅಂತ. ಹಿಡಿಯದೆ ಸುಮ್ನೆ ಜಾರಿಕೊಂಡು ಹೋದರೆ ಅದರ ಮೇಲೇ ಅನುಮಾನ. ಡಿಯಲ್ಲಿ ಆ ಬ್ರೇಕಿನ ಕೆಲಸವಿಲ್ಲ, ಹಾಗಾಗಿ ಡಿ ಚೆನ್ನಾಗಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ.

ಸ್ಕ್ಯಾನರ್ ಹಾಕಿಸಿ, ಪ್ರಿಂಟ್ ಕೇಳಿ, ಇಲ್ಲವೇ ಪರದೆಯ ಫೋಟೋ ತೆಗೆದುಕೊಳ್ಳಿ. ಅಗ್ಗದ ಸ್ಕ್ಯಾನರ್‌ಗಳು ಇಂಜಿನ್ ಮಾತ್ರ ಓದುತ್ತವೆ, ಪಿ0700 ಅನ್ನುವ ದೋಷದ ಕೋಡ್ ತೋರಿಸಿ ಸುಮ್ಮನಾಗುತ್ತವೆ. ಅದರ ಅರ್ಥ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದೂರು ಇದೆ ಅಂತಷ್ಟೇ. ಆ ಕಂಪ್ಯೂಟರನ್ನೇ ಓದುವ ಸ್ಕ್ಯಾನರ್ ಬೇಕು. ಪಿ0705, ಪಿ0706 ಬಂದರೆ ಲಿವರಿನ ಜಾಗ ಹೇಳುವ ಸ್ವಿಚ್ಚಿನ ಕಡೆಯ ದೂರು, ಕೇಬಲ್ ತಪ್ಪಿದರೂ ಬರುತ್ತದೆ. ನಮ್ಮದರಲ್ಲಿ ಪಿ0706 ಇತ್ತು. ಪಿ0736 ಬಂದರೆ ರಿವರ್ಸ್ ಗೇರ್ ಲೆಕ್ಕ ತಪ್ಪುತ್ತಿದೆ, ಅಂದರೆ ಒಳಗೆ ಜಾರುತ್ತಿರಬಹುದು.

ಎಎಂಟಿಯ ಕತೆ ಬೇರೆ, ಅದು ಮ್ಯಾನುಯಲ್ ಬಾಕ್ಸಿಗೇ ಮೋಟಾರು ಅಥವಾ ಪಂಪು ಕೂರಿಸಿದ್ದು, ಅಲ್ಲಿ ಕ್ಲಚ್ ಮತ್ತು ಆಕ್ಚುಯೇಟರ್ (ಕ್ಲಚ್, ಗೇರ್ ಬದಲಾಯಿಸುವ ಸಾಧನ) ನೋಡಬೇಕು. ಸಿವಿಟಿಗೆ ಅದರದ್ದೇ ಆಯಿಲ್. "ಎಲ್ಲದಕ್ಕೂ ಆಗುತ್ತೆ" ಅನ್ನುವ ಆಯಿಲ್ ಸುರಿಯಲು ಬಂದರೆ ಕಾರು ತಗೊಂಡು ಹೊರಟುಬಿಡಿ. ಕಾರು ಪೂರ್ತಿ ನಿಂತೇ ಹೋದರೆ ಹಗ್ಗ ಕಟ್ಟಿ ಎಳೆಸಬೇಡಿ, ಫ್ಲಾಟ್‌ಬೆಡ್ (ಕಾರನ್ನು ಮೇಲೆ ಹೇರಿಕೊಂಡು ಹೋಗುವ ಲಾರಿ) ಕರೆಸಿ. ಇಂಜಿನ್ ಆಫ್ ಇದ್ದಾಗ ಬಾಕ್ಸಿನ ಪಂಪ್ ತಿರುಗಲ್ಲ, ಒಳಗೆ ಆಯಿಲ್ ಓಡಲ್ಲ, ಚಕ್ರ ಮಾತ್ರ ತಿರುಗುತ್ತಿರುತ್ತದೆ.

ಇಷ್ಟೆಲ್ಲ ನೋಡಿಯೂ ಬಾಕ್ಸ್ ಇಳಿಸಲೇಬೇಕು ಅಂತಾದರೆ, ಇಳಿಸುವ ಮುಂಚೆ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ: ಏನು ಕೆಟ್ಟಿದೆ ಅನ್ನುತ್ತಿದ್ದಾರೆ, ಹೇಗೆ ಗೊತ್ತಾಯಿತು, ಹಳೆಯ ಸಾಮಾನು ವಾಪಸ್ ಕೊಡುತ್ತಾರಾ. ಜಿಎಸ್‌ಟಿ ಬಿಲ್ ಬೇಕೇ ಬೇಕು. ಬಿಲ್ ಇಲ್ಲದಿದ್ದರೆ ಆಮೇಲೆ ಗೋಳು.

ನನ್ನ ಹತ್ತಿರ ಬಿಲ್ ಇತ್ತು. ಟೇಪ್ ಸುತ್ತಿದ ಮೊಳೆಯ ಫೋಟೋ, ವಿಡಿಯೋ ಎಲ್ಲ ಬುಷ್ ಬದಲಾಯಿಸುವ ಮುಂಚೆಯೇ ತೆಗೆದಿಟ್ಟೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು, ವಕೀಲರು ಬೇಕೇ ಬೇಕು ಅಂತಿಲ್ಲ. ಬುಷ್ ಬಿಡಿಯಾಗಿ ಬೇಕು ಅಂದರೆ ಶೋರೂಮಿನವರು ಪೂರ್ತಿ ಕೇಬಲ್ಲೇ ತಗೊಳ್ಳಿ ಅಂದರು, ಗಾಡಿಗಳ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬುಷ್ ಒಂದೇ ಸಿಕ್ಕಿತು, ಕೂರಿಸಿದ ಕೂಲಿಯೂ ಸೇರಿ ಸಾವಿರ ದಾಟಲಿಲ್ಲ.

ದೂರು ಹೋದ ಮೇಲೆ ಗ್ಯಾರೇಜಿನಿಂದ ಫೋನ್ ಬಂತು. ಈಗ ನನ್ನ ಜೊತೆಗೇ ಮಾತಾಡುತ್ತಾರೆ, ಮನೆಯವರನ್ನು ಕೇಳಲಿಲ್ಲ. ದುಡ್ಡು ವಾಪಸ್ ಕೊಡುವ ಮಾತಿಲ್ಲ, ದೂರು ವಾಪಸ್ ತಗೊಂಡರೆ ಒಂದು ಜನರಲ್ ಸರ್ವಿಸ್ ಫ್ರೀ ಮಾಡಿಕೊಡುತ್ತಾರಂತೆ. ಕಾರನ್ನು ಎರಡು ದಿನ ಅಲ್ಲೇ ಬಿಟ್ಟು ಹೋಗಬೇಕಂತೆ. ಬೇಡ ಅಂದಿದ್ದೇನೆ.