ಡಾಲಾಟ್‌ನ ಕ್ರೇಜಿ ಹೌಸ್: ಒಂದು ರಾತ್ರಿ ಸಾಕು, ಕೋಣೆ ಮಾತ್ರ ನೋಡಿ ಆರಿಸಿ

ವಿಯೆಟ್ನಾಂನ ಗುಡ್ಡದೂರು ಡಾಲಾಟ್‌ಗೆ ಹೋದವರಲ್ಲಿ ಹೆಚ್ಚಿನವರು ಮರದಾಕಾರದ ವಿಚಿತ್ರ ಕಾಂಕ್ರೀಟ್ ಕಟ್ಟಡ ಕ್ರೇಜಿ ಹೌಸ್ ನೋಡಿಯೇ ಬರುತ್ತಾರೆ. ಅಲ್ಲಿ ರಾತ್ರಿ ಉಳಿದವರು ಕಡಿಮೆ. ಟಿಕೆಟ್ ಕೊಂಡು ಒಳಗೆ ಸುತ್ತುವ ಎಷ್ಟೋ ಜನಕ್ಕೆ ಇದು ಬಾಡಿಗೆಗೆ ಕೋಣೆ ಕೊಡುವ ಗೆಸ್ಟ್ ಹೌಸ್ ಎಂಬುದೇ ಗೊತ್ತಿರುವುದಿಲ್ಲ. ಇಲ್ಲಿ ಉಳಿಯಬೇಕೋ ಬೇಡವೋ ಎನ್ನುವ ಲೆಕ್ಕಾಚಾರವೆಲ್ಲ ನಿಂತಿರುವುದು ಒಂದೇ ವಿಷಯದ ಮೇಲೆ: ಹಗಲೆಲ್ಲ ಈ ಜಾಗ ಟಿಕೆಟ್ ಕೊಂಡವರದು, ಗೇಟು ಹಾಕಿದ ಮೇಲೆ ಕೋಣೆ ಹಿಡಿದವರದು. ನೀವು ಕೊಡುವ ಬಾಡಿಗೆ ಆ ಸಂಜೆಗೆ ಮತ್ತು ಮರುದಿನದ ಮುಂಜಾವಿಗೆ. ಹಾಸಿಗೆ, ಬಿಸಿನೀರು, ವಿಶಾಲ ಕೋಣೆಯೇ ಮುಖ್ಯ ಎನ್ನುವವರಿಗೆ ಅದೇ ದುಡ್ಡಿನಲ್ಲಿ ಊರೊಳಗೆ ಇದಕ್ಕಿಂತ ಒಳ್ಳೆಯ ಹೋಟೆಲುಗಳಿವೆ.

ಕಟ್ಟಡದ ಅಧಿಕೃತ ಹೆಸರು ಹಾಂಗ್ ಙಾ ವಿಲ್ಲಾ. ಕಟ್ಟಿಸಿದವರು ವಾಸ್ತುಶಿಲ್ಪಿ ಡಾಂಗ್ ವಿಯೆಟ್ ಙಾ. ಮಾಸ್ಕೋದಲ್ಲಿ ಓದಿ ಡಾಕ್ಟರೇಟ್ ಪಡೆದವರು, ಕಮ್ಯುನಿಸ್ಟ್ ಪಕ್ಷದ ಹಿರಿಯ ನಾಯಕ ಟ್ರುವಾಂಗ್ ಚಿನ್ ಅವರ ಮಗಳು. ತಂದೆಯ ನೆನಪಿಗೆ ಮೀಸಲಾದ ಒಂದು ಕೋಣೆ ಒಳಗೇ ಇದೆ. ಕಾಲ್ಪನಿಕ ಲೋಕದ ನಡುವೆ ಪಕ್ಷದ ಹಳೆಯ ಫೋಟೊಗಳು ಎದುರಾದಾಗ ಗಲಿಬಿಲಿಯಾಗಬೇಡಿ. ಮನೆಯನ್ನು 1990ರಲ್ಲಿ ಜನರಿಗೆ ತೆರೆದರು. ಕೆಲಸ ಮಾತ್ರ ಆಮೇಲೂ ದಶಕಗಳ ಕಾಲ ನಡೆಯುತ್ತಲೇ ಇತ್ತು. ಅಳತೆಯ ನಕ್ಷೆ ಹಾಕುವ ಬದಲು ಅವರು ಚಿತ್ರ ಬರೆದು ಸ್ಥಳೀಯ ಕೆಲಸಗಾರರ ಕೈಗೆ ಕೊಡುತ್ತಿದ್ದರು, ಕೆಲಸಗಾರರು ಅದನ್ನು ಕಾಂಕ್ರೀಟಿನಲ್ಲಿ ಮೂಡಿಸುತ್ತಿದ್ದರು. ಐದಂತಸ್ತಿನ ಆಲದ ಮರದಂತೆ ಕಾಣಬೇಕು ಎಂಬುದು ಮೂಲ ಕಲ್ಪನೆ. ನಮ್ಮ ಕಣ್ಣಿಗೆ ಮಳೆಗಾಲದ ನಂತರದ ದೊಡ್ಡ ಹುತ್ತದಂತೆಯೇ ಹೆಚ್ಚು ಕಾಣುತ್ತದೆ. ನೆಟ್ಟಗಿನ ಗೋಡೆ, ಚೌಕದ ಕಿಟಕಿ ಹುಡುಕಿದರೆ ಸಿಗುವುದು ಕಷ್ಟ.

ಈಗ ಕೋಣೆಗಳ ವಿಷಯ. ಇರುವುದು ಹತ್ತೇ. ಪ್ರತಿಯೊಂದಕ್ಕೂ ಒಂದು ಪ್ರಾಣಿಯದೋ ಗಿಡದ್ದೋ ಹೆಸರು: ಹುಲಿ, ಹದ್ದು, ಇರುವೆ, ಕರಡಿ, ಕಾಂಗರೂ, ಸೋರೆ ಹೀಗೆ. ಅದು ಬರೀ ಬಾಗಿಲ ಮೇಲಿನ ಹೆಸರಲ್ಲ, ಆ ಪ್ರಾಣಿ ಒಳಗೆ ನಿಮ್ಮ ಜೊತೆಗೇ ಇರುತ್ತದೆ. ಹದ್ದಿನ ಕೋಣೆಯಲ್ಲಿ ಆಳೆತ್ತರದ ಹಕ್ಕಿ ದೊಡ್ಡ ಮೊಟ್ಟೆಯ ಹತ್ತಿರ ನಿಂತಿದೆ. ಕಾಂಗರೂ ಹೊಟ್ಟೆಯೇ ಬೆಂಕಿಗೂಡು. ಹುಲಿಯ ಕೋಣೆಯಲ್ಲಿ ಕೂತಿರುವ ಹುಲಿಯ ಕಣ್ಣಿಗೆ ಕೆಂಪು ದೀಪ ಇಟ್ಟಿದ್ದಾರೆ. ಹಗಲಲ್ಲಿ ತಮಾಷೆಯಾಗಿ ಕಂಡ ಆ ಕಣ್ಣು ಕತ್ತಲಾದ ಮೇಲೆ ಹಾಸಿಗೆಯ ಕಡೆಗೇ ನೆಟ್ಟಂತಿರುತ್ತದೆ. ಐದಾರು ವರ್ಷದ ಮಕ್ಕಳಿದ್ದರೆ ಆ ದೀಪದ ಸ್ವಿಚ್ ಎಲ್ಲಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಹುಲಿ ಚೀನಾ, ಹದ್ದು ಅಮೆರಿಕ, ಇರುವೆ ವಿಯೆಟ್ನಾಮಿನ ದುಡಿಯುವ ಜನ ಎಂದು ವಿವರಣೆ ಕೊಡುತ್ತಾರೆ. ಹೆಸರಿನ ಮೋಹವಿಲ್ಲದಿದ್ದರೆ ಇರುವೆಯ ಕೋಣೆಯೇ ವಾಸಿ, ಅಲ್ಲಿ ಯಾರೂ ನಿಮ್ಮನ್ನು ದಿಟ್ಟಿಸುವುದಿಲ್ಲ.

ಕೆಲವು ಕೋಣೆಗಳಲ್ಲಿ ಹಾಸಿಗೆಯ ಮೇಲೆ ಚಾವಣಿಗೆ ಕನ್ನಡಿ ಹಾಕಿದ್ದಾರೆ. ಅತ್ತೆ-ಮಾವನಿಗೆ ಕೋಣೆ ಹಿಡಿಯುವ ಮುಂಚೆ ಫೋಟೊ ನೋಡಿಕೊಳ್ಳುವುದು ಕ್ಷೇಮ.

ಬುಕ್ ಮಾಡುವಾಗ 'ಡಬಲ್ ರೂಮ್' ಎಂದಷ್ಟೇ ನೋಡಿ ಹಣ ಕಟ್ಟಬೇಡಿ. ಕೋಣೆಯ ಹೆಸರು ಕೇಳಿ, ಅದರದೇ ಫೋಟೊ ತರಿಸಿಕೊಳ್ಳಿ. ಅಲ್ಲಿಗೆ ಎಷ್ಟು ಮೆಟ್ಟಿಲು ಹತ್ತಬೇಕು, ಕಿಟಕಿ ಜನ ಓಡಾಡುವ ದಾರಿಗೆ ತೆರೆದುಕೊಳ್ಳುತ್ತದೆಯೇ, ಬೆಂಕಿಗೂಡು ನಿಜಕ್ಕೂ ಉರಿಸುತ್ತಾರೆಯೇ ಅಥವಾ ಅಲಂಕಾರಕ್ಕೆ ಮಾತ್ರವೇ, ಚಳಿಗೆ ಹೀಟರ್ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಉತ್ತರ ಬರುವಂತೆ ಕೇಳಿ. ಕಿಟಕಿಯ ಪ್ರಶ್ನೆಯನ್ನು ಸಣ್ಣದೆಂದು ಬಿಡಬೇಡಿ. ದಾರಿಗಳು ಕೋಣೆಗಳ ಪಕ್ಕದಲ್ಲೇ ಸುತ್ತಿ ಹೋಗುತ್ತವೆ. ಖಾಲಿ ಕೋಣೆಗಳು ನೋಡುಗರ ಪಾಲಿಗೆ ಪ್ರದರ್ಶನದ ಭಾಗವೇ ಆದ್ದರಿಂದ ಒಳಗೆ ಯಾರಿದ್ದಾರೆ, ಯಾರಿಲ್ಲ ಎಂದು ಯೋಚಿಸದೆ ಜನ ಇಣುಕುತ್ತಾರೆ. ಪರದೆ ಎಳೆದರೆ ಮೊದಲೇ ಸಣ್ಣದಾದ ಕಿಟಕಿಯ ಬೆಳಕೂ ಹೋಗುತ್ತದೆ. ಹಗಲು ನಿದ್ದೆ ಮಾಡಿ ಪ್ರಯಾಣದ ಸುಸ್ತು ಕಳೆಯೋಣ ಎಂದುಕೊಂಡವರಿಗೆ ಇದು ತಕ್ಕ ಜಾಗವಲ್ಲ.

ಹಾಗಾಗಿ ದಿನವನ್ನು ತಿರುಗಿಸಿ ಹಾಕಿಕೊಳ್ಳಿ. ಮಧ್ಯಾಹ್ನ ಹೋಗಿ ಸಾಮಾನು ಇಟ್ಟು ಹೊರಬನ್ನಿ. ಕೊನೆಯ ದೊರೆ ಬಾವೊ ದಾಯಿಯ ಬೇಸಿಗೆ ಅರಮನೆ ಹತ್ತಿರದಲ್ಲೇ ಇದೆ. ಮಾರುಕಟ್ಟೆ, ಶುವಾನ್ ಹುವಾಂಗ್ ಕೆರೆ ಎರಡಕ್ಕೂ ಕಿಲೋಮೀಟರ್ ಲೆಕ್ಕದ ದಾರಿ, ಗ್ರ್ಯಾಬ್ (ನಮ್ಮ ಊಬರ್‌ನಂತೆ ಆ್ಯಪ್‌ನಲ್ಲಿ ಕರೆಯುವ) ಗಾಡಿ ಸುಲಭವಾಗಿ ಸಿಗುತ್ತದೆ. ಟಿಕೆಟಿನ ಜನ ಖಾಲಿಯಾದ ಮೇಲೆ ವಾಪಸಾಗಿ. ಹಗಲು ಸಾಲುಗಟ್ಟಿ ನಿಂತು ಒಬ್ಬರ ಹಿಂದೊಬ್ಬರು ಹತ್ತಿದ್ದ ಮೆಟ್ಟಿಲುಗಳಲ್ಲಿ ಆಗ ನೀವಷ್ಟೇ ಇರುತ್ತೀರಿ. ಬೆಳಿಗ್ಗೆ ಆರರಿಂದ ಎಂಟರವರೆಗಿನ ಹೊತ್ತು ಫೋಟೊಕ್ಕೆ ಇನ್ನೂ ಚೆನ್ನ. ಎಂಟೂವರೆ ಸುಮಾರಿಗೆ ಮತ್ತೆ ಜನ ಬರಲು ಶುರು. ಟಿಕೆಟ್ ದರ ವಿಯೆಟ್ನಾಮಿನ ಹಣದಲ್ಲಿ 80,000 ಡಾಂಗ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಯ ಒಳಗೆ. ಬರೀ ನೋಡುವುದಾದರೆ ಒಂದೂವರೆ ಗಂಟೆ ಬೇಕಾದಷ್ಟಾಯಿತು.

ಮೆಟ್ಟಿಲುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿನ ನಿಜವಾದ ಅಪಾಯ ಅದೇ. ಬೇರು, ಬಳ್ಳಿಯಂತೆ ಮಾಡಿದ ಕಾಂಕ್ರೀಟ್ ದಾರಿಗಳು ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಸೇತುವೆಯಂತೆ ಹಾರಿ, ಚಾವಣಿಗಳ ಬೆನ್ನೇರಿ ಹೋಗುತ್ತವೆ. ಅಗಲ ಒಬ್ಬರಿಗೆ ಸಾಕು, ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೂ ಹಿಂದೆ ಸರಿಯಬೇಕು. ಕೈಕಂಬಿಯೂ ಬಳ್ಳಿಯ ಆಕಾರದ್ದೇ, ಎಷ್ಟೋ ಕಡೆ ದೊಡ್ಡವರ ಸೊಂಟಕ್ಕಿಂತ ಕೆಳಗೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲದ್ದರಿಂದ ಹತ್ತುವಾಗ ತೊಂದರೆಯಾಗದಿದ್ದರೂ ಇಳಿಯುವಾಗ ಕಾಲು ಲೆಕ್ಕ ತಪ್ಪುತ್ತದೆ. ಕೆಲವು ತಿರುವುಗಳಲ್ಲಿ ತಲೆ ಬಗ್ಗಿಸಬೇಕು. ಮಳೆಯಲ್ಲಿ ಚಪ್ಪಲಿ ಜಾರುತ್ತದೆ, ನೆಲ ಕಚ್ಚಿ ಹಿಡಿಯುವ ಅಡಿಯ ಶೂ ಹಾಕಿ. ಕೊಡೆ ಬಿಚ್ಚಲು ಜಾಗವಿಲ್ಲ, ರೇನ್‌ಕೋಟ್ ಸರಿ. ಮಗುವನ್ನು ಎತ್ತಿಕೊಂಡು ಮೇಲಿನ ಸೇತುವೆಗೆ ಹೋಗಬೇಡಿ. ನಡೆಯುವ ಮಗುವಾದರೆ ಕೈ ಬಿಡಬೇಡಿ. ಮಂಡಿ ನೋವಿನವರು, ಎತ್ತರ ಕಂಡರೆ ತಲೆ ತಿರುಗುವವರು ನೆಲಮಟ್ಟದ ತೋಟ ನೋಡಿ ಕೂರುವುದೇ ಮೇಲು.

ಗಾಲಿ ಸೂಟ್‌ಕೇಸ್ ಇಲ್ಲಿ ಕೆಲಸಕ್ಕೆ ಬಾರದು. ಒಂದು ರಾತ್ರಿಗೆ ಬೇಕಾದ್ದನ್ನು ಬೆನ್ನಚೀಲಕ್ಕೆ ಹಾಕಿಕೊಂಡು, ದೊಡ್ಡ ಪೆಟ್ಟಿಗೆಯನ್ನು ಕೆಳಗೆ ಇಡಲು ಕೇಳಿ.

ಡಾಲಾಟ್ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಸೈಗಾನ್ ಎಂದೇ ಜನ ಕರೆಯುವ ಹೋ ಚಿ ಮಿನ್ ನಗರದ ಸೆಕೆಗೆ ತಂದ ಬಟ್ಟೆ ಇಲ್ಲಿ ಸಾಲದು, ರಾತ್ರಿಗೆ ಸ್ವೆಟರ್ ಬೇಕೇ ಬೇಕು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ಅದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ. ದಪ್ಪ ಕಾಂಕ್ರೀಟ್ ಗೋಡೆ, ಚಿಕ್ಕ ಕಿಟಕಿ, ಎದುರುಬದುರು ಗಾಳಿ ಆಡದ ಗುಹೆಯಂಥ ಆಕಾರ: ಇಂಥ ಕಟ್ಟಡದಲ್ಲಿ ತಣ್ಣನೆಯ ಗೋಡೆಗೆ ಉಸಿರಿನ, ಸ್ನಾನದ ಆವಿ ತಾಗಿ ತೇವ ಕಟ್ಟುವುದು ಸಹಜ. ಸ್ನಾನದ ಮನೆಯ ಬಾಗಿಲು ಮುಚ್ಚಿಯೇ ಸ್ನಾನ ಮಾಡಿ, ಒದ್ದೆ ಟವೆಲ್ ಕೋಣೆಯಲ್ಲಿ ಹರಡಬೇಡಿ. ಆಸ್ತಮಾ ಇರುವವರು ನವೆಂಬರ್‌ನಿಂದ ಏಪ್ರಿಲ್ ನಡುವಿನ ಒಣ ತಿಂಗಳುಗಳಲ್ಲಿ ಬಂದರೆ ಒಳ್ಳೆಯದು.

ಇಲ್ಲಿಗೆ ತಲುಪಲು ಸೈಗಾನಿನಿಂದ ರಸ್ತೆಯಲ್ಲಿ ಸುಮಾರು 300 ಕಿ.ಮೀ., ಸ್ಲೀಪರ್ ಬಸ್ಸಿಗೆ ಏಳೆಂಟು ಗಂಟೆ. ಬಸ್ಸಿನ ಬರ್ತ್ ಆ ಊರಿನವರ ಎತ್ತರಕ್ಕೆ ಮಾಡಿದ್ದು, ಆರಡಿ ಆಳು ಕಾಲು ಮಡಚಿಯೇ ಮಲಗಬೇಕು. ಕೊನೆಯ ಘಟ್ಟದ ತಿರುವುಗಳಲ್ಲಿ ವಾಂತಿ ಬರುವವರು ಮಾತ್ರೆ ಮೊದಲೇ ನುಂಗಿ. ವಿಮಾನದಲ್ಲಿ ಬಂದರೆ ಲಿಯೆನ್ ಖುವಾಂಗ್ ನಿಲ್ದಾಣದಿಂದ ಊರಿಗೆ 30 ಕಿ.ಮೀ. ಭಾರತೀಯರಿಗೆ ಇ-ವೀಸಾ ಬೇಕು, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರಿ ತಾಣದಲ್ಲಿ ನೀವೇ ತುಂಬಿ, ದಲ್ಲಾಳಿ ತಾಣಗಳು ಹೆಚ್ಚು ಕೀಳುತ್ತವೆ. ದುಡ್ಡು ಎಣಿಸುವಾಗ ಒಂದು ಎಚ್ಚರ: 20,000 ಮತ್ತು 500,000ದ ನೋಟು ಎರಡೂ ನೀಲಿ. ಮಂದ ಬೆಳಕಿನಲ್ಲಿ ಗ್ರ್ಯಾಬ್ ಬೈಕಿನವನಿಗೆ ತಪ್ಪು ನೋಟು ಕೊಟ್ಟರೆ ಸಾವಿರದ ಆರುನೂರು ರೂಪಾಯಿ ಹೋದಂತೆ.

ಊಟಕ್ಕೆ ಕ್ರೇಜಿ ಹೌಸನ್ನು ನಂಬಿ ಕೂರಬೇಡಿ, ಬೆಳಗಿನ ತಿಂಡಿ ಬಾಡಿಗೆಯಲ್ಲಿ ಸೇರಿದೆಯೇ ಎಂದು ಮಾತ್ರ ಕೇಳಿ. ಸಸ್ಯಾಹಾರಿಗಳು ಹೊರಗೆ 'ಚಾಯ್' ಎಂಬ ಫಲಕವಿರುವ ಹೋಟೆಲು ಹುಡುಕಬೇಕು, ಅವು ಬೌದ್ಧರ ಸಸ್ಯಾಹಾರದ ಅಡುಗೆಮನೆಗಳು. ಮಾಮೂಲಿ ಹೋಟೆಲಿನಲ್ಲಿ ಮಾಂಸ ಬೇಡ ಎಂದರೂ ಮೀನಿನ ಸಾಸ್ ಬಿದ್ದೇ ಬಿದ್ದಿರುತ್ತದೆ. ರಾತ್ರಿ ಮಾರುಕಟ್ಟೆಯಲ್ಲಿ ಕೆಂಡದ ಮೇಲೆ ಸುಡುವ ಅಕ್ಕಿಹಾಳೆ ನಮ್ಮ ಹಪ್ಪಳದಂತೆ ಕಂಡರೂ ಮೇಲೆ ಮೊಟ್ಟೆ, ಒಣ ಸೀಗಡಿ ಹಾಕುತ್ತಾರೆ. ಅದೇ ಬೀದಿಯ ಬಿಸಿ ಸೋಯಾ ಹಾಲಿಗೂ ಬೆಣ್ಣೆಹಣ್ಣಿನ ಐಸ್‌ಕ್ರೀಮಿಗೂ ಆ ಭಯವಿಲ್ಲ.

ಎರಡನೇ ರಾತ್ರಿಗೆ ಕೆರೆಯ ಹತ್ತಿರ ಲಿಫ್ಟ್ ಇರುವ ಮಾಮೂಲಿ ಹೋಟೆಲ್ ನೋಡಿಕೊಳ್ಳಿ. ಮತ್ತೆ ಶನಿವಾರ ಮತ್ತು ವಿಯೆಟ್ನಾಮಿನ ಹೊಸ ವರ್ಷ 'ಟೆಟ್' ಬರುವ ವಾರ ಎರಡನ್ನೂ ಬಿಡಿ. ಸೈಗಾನಿನವರೆಲ್ಲ ಆಗ ಚಳಿ ಹುಡುಕಿಕೊಂಡು ಇದೇ ಗುಡ್ಡ ಹತ್ತಿರುತ್ತಾರೆ.